ಹೊಳೆ ನೀರನ್ನು ನಂಬಿದ ಕೆಂಪಕ್ಕ

ನನ್ನ ಕೈಬರಹ ಕೋಳಿ ಕೆದಕಿದ ಹಾಗಿದೆ. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಹತ್ತನೇ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು. ಚೆಂದದ ಮಾತುಗಳೂ ನನಗೆ ಬರುವುದಿಲ್ಲ. ಆ ದಿನ ದೋಣಿಯಲ್ಲಿ ನಾನಿರಲಿಲ್ಲ. ಕೆಂಪಕ್ಕನನ್ನೂ, ಅವರ ಜೊತೆ ಹೋಗಿದ್ದ ಸುನಂದಕ್ಕನನ್ನೂ ಬೇರೆ ಬೇರೆಯಾಗಿ ಕೇಳಿ, ಇಬ್ಬರ ಮಾತೂ ಕೂಡಿದ್ದನ್ನು ಮಾತ್ರ ಬರೆದಿದ್ದೇನೆ. ಕೆಂಪಕ್ಕನಿಗೆ ಆದದ್ದು ಅನ್ಯಾಯ. ಅದನ್ನು ತಮಾಷೆ ಮಾಡಿಕೊಂಡು ನಗುತ್ತಿರುವವರನ್ನು ನೋಡಿ ಸುಮ್ಮನಿರಲು ನನಗೆ ಆಗಲಿಲ್ಲ.

ಕೆಂಪಕ್ಕನ ಊರು ನೊಣವಿನಕೆರೆಯಿಂದ ಬಸ್ಸಿನಲ್ಲಿ ಸ್ವಲ್ಪ ದೂರ. ತಿಪಟೂರಿನ ಹೊರಗೆ ಕಾಯಿಪುಡಿ ಮಾಡುವ ಫ್ಯಾಕ್ಟರಿಯೊಂದರಲ್ಲಿ ಅವರಿಗೂ ನನಗೂ ಕೆಲಸ. ಚಿಪ್ಪು ಬಿಡಿಸಿದ ತೆಂಗಿನಕಾಯಿಯ ಮೇಲಿನ ಕಂದು ಸಿಪ್ಪೆಯನ್ನು ಸಣ್ಣ ಚಾಕುವಿನಿಂದ ಹೆರೆದು, ಬಿಳಿ ಕಾಯನ್ನು ನೀರಿನ ತೊಟ್ಟಿಗೆ ಹಾಕಬೇಕು. ಬೆಳಗಿನಿಂದ ಸಂಜೆಯವರೆಗೆ ಅದೇ. ನಾವೆಲ್ಲ ಕೈ ನೋಡಿಕೊಂಡು ಹೆರೆಯುತ್ತೇವೆ. ಕೆಂಪಕ್ಕ ಬಾಗಿಲ ಹತ್ತಿರ ಕುಳಿತು, ಆಕಾಶ ನೋಡಿಕೊಂಡು ಹೆರೆಯುತ್ತಾರೆ.

"ಅಕ್ಕಾ, ಮೇಲೆ ಯಾರನ್ನ ಹುಡುಕ್ತಿದ್ದೀಯ, ನಮ್ ಬಾವನ್ನಾ?" ಎಂದು ಸುನಂದಕ್ಕ ರೇಗಿಸುವುದುಂಟು. ಕೆಂಪಕ್ಕನ ಗಂಡ ತೀರಿಹೋಗಿ ವರ್ಷಗಳಾದವು. ಬೇರೆ ಯಾರಾದರೂ ಹೀಗೆ ಅಂದಿದ್ದರೆ ಗ್ರಹಚಾರ ಬಿಡಿಸುತ್ತಿದ್ದರು.

"ಅವ್ನೆಲ್ಲಿ ಮೇಲಕ್ಕೆ ಹೋಗಿರ್ತಾನೆ ಬುಡೇ. ಕುಡ್ದು ಕುಡ್ದು ಕೆಳಕ್ಕೇ ಹೋಗಿರ್ತಾನೆ. ನಾನು ಹದ್ದು ನೋಡ್ತಿದ್ದೀನಿ."

ಹದ್ದು ನೋಡುವುದು ಅವರಿಗೆ ಚಿಕ್ಕಂದಿನಿಂದ ಬಂದದ್ದು. ಅವರ ತಂದೆ ಸಣ್ಣತಿಮ್ಮಯ್ಯನವರು ಊರಿನ ನೀರುಗಂಟಿ. ಕೆರೆಯ ತೂಬನ್ನು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ನೀರು ಎಂದು ಹಂಚುವ ಕೆಲಸ. ತಂದೆ ತೂಬಿನ ಹತ್ತಿರ ಇದ್ದರೆ ಮಗಳು ಏರಿಯ ಮೇಲೆ ಕೋಳಿಮರಿ ಕಾಯಬೇಕಿತ್ತು. ಮರಿ ಹೊತ್ತೊಯ್ಯುವ ಕಂದು ಹದ್ದು ಕಂಡರೆ ಕಲ್ಲು ಬೀರಬೇಕು, ಬೊಬ್ಬೆ ಹೊಡೆಯಬೇಕು. ಬಿಳಿ ಕತ್ತಿನ, ಇಟ್ಟಿಗೆ ಬಣ್ಣದ ರೆಕ್ಕೆಯ ಗರುಡ ಕಂಡರೆ ಮಾತ್ರ ಕಲ್ಲು ಕೆಳಗಿಟ್ಟು, ಚಪ್ಪಲಿ ಬಿಟ್ಟು, ಎದ್ದು ನಿಂತು ಕೈಮುಗಿಯಬೇಕು. ಕೂತು ನೋಡಬಾರದು. ಅವರ ಊರಿನಲ್ಲಿ ಉಣ್ಣುತ್ತಿದ್ದವರೂ ಎಂಜಲು ಕೈಯಲ್ಲೇ ಎದ್ದು ಅಂಗಳಕ್ಕೆ ಬಂದು ನಿಲ್ಲುತ್ತಾರಂತೆ.

ನೀರು ನೋಡುವುದನ್ನೂ ಕೆಂಪಕ್ಕ ತಂದೆಯಿಂದಲೇ ಕಲಿತರು. ತೂಬಿನ ಕಲ್ಲಿನ ಮೇಲೆ, ನೀರಿಗಿಂತ ಮೇಲಕ್ಕೆ ಒದ್ದೆ ಗೆರೆ ಇದ್ದರೆ ಕೆರೆ ಇಳಿಯುತ್ತಿದೆ ಎಂದು ಅರ್ಥ. ಒಣಗಿದ ಕಲ್ಲಿಗೇ ನೀರು ತಾಗಿದ್ದರೆ ಏರುತ್ತಿದೆ. ಇಳಿಯಲು ಶುರುವಾದ ನೀರು ಇಳಿಯುತ್ತಲೇ ಹೋಗುತ್ತದೆ. ಮತ್ತೆ ಏರಬೇಕಾದರೆ ಮಳೆ ಬರಬೇಕು, ಇಲ್ಲವೇ ಹೇಮಾವತಿ ನಾಲೆಗೆ ನೀರು ಬಿಡಬೇಕು. ನಮ್ಮ ಕಡೆ ನೀರಿನ ನಡತೆ ಅಷ್ಟೇ.

ನಾಲೆಯ ನೀರು ಬಂದು ಕೆರೆ ತುಂಬಿದ ಒಂದು ಚಳಿಗಾಲದಲ್ಲಿ, ಕೆಂಪಕ್ಕನ ಊರಿಗೆ ಒಂದು ಹೊಸ ಹದ್ದು ಬಂತು. ಎದೆ ಬಿಳಿ, ಕಣ್ಣಿನ ಮೇಲೆ ಕಪ್ಪು ಪಟ್ಟಿ. ಕೆರೆಯ ಮೇಲೆ ನಿಂತಲ್ಲೇ ರೆಕ್ಕೆ ಬಡಿದು, ಕಾಲು ಮುಂದೆ ಚಾಚಿ ನೀರಿಗೆ ಬೀಳುತ್ತಿತ್ತು. ಎದ್ದಾಗ ಕಾಲಿನಲ್ಲಿ ಮೀನು ಒದ್ದಾಡುತ್ತಿರುತ್ತಿತ್ತು. ಬೇಸಿಗೆ ಬಂದ ಮೇಲೆ ಅದು ಹೊರಟುಹೋಯಿತು. ಅಂಥವು ಕಡಲಿಗೆ ಸೇರುವ ಹೊಳೆಗಳಲ್ಲಿ ಬೇಕಾದಷ್ಟಿವೆ ಎಂದು ಯಾರೋ ಹೇಳಿದರು. ಅಂದಿನಿಂದ ಕೆಂಪಕ್ಕನಿಗೆ ಅದೇ ಧ್ಯಾನ. ದಡ ತುಂಬಿ ಹರಿಯುವ ಹೊಳೆಯನ್ನೇ ಅವರು ಕಂಡವರಲ್ಲ.

ಹೋದ ತಿಂಗಳು ಫ್ಯಾಕ್ಟರಿಯ ಹೆಂಗಸರು ವ್ಯಾನು ಮಾಡಿಕೊಂಡು ಧರ್ಮಸ್ಥಳ, ಉಡುಪಿ ನೋಡಿಬರಲು ಹೊರಟಾಗ, ಒಂದು ಹೊಳೆಯನ್ನೂ ಸೇರಿಸಲೇಬೇಕು ಎಂದು ಕೆಂಪಕ್ಕ ಹಠ ಹಿಡಿದರು.

"ಹದ್ದು ನೋಡಕ್ಕೆ ಘಟ್ಟ ಇಳೀಬೇಕಾ? ಕೋಳಿ ಅಂಗ್ಡಿ ಹಿಂದ್ಗಡೆ ನಿಂತ್ಕೊ, ತಲೆ ಮೇಲೇ ಕೂತ್ಕತ್ತವೆ" ಎಂದರು ಸುನಂದಕ್ಕ.

"ಅವು ಕದ್ದು ತಿನ್ನೋವು ಕಣೇ. ನಾನು ಹೇಳ್ತಿರೋದು ದುಡ್ದು ತಿನ್ನೋವು."

ಹೀಗೆ ಅವರು ಹೊಳೆಗೆ ಹೋದರು. ಆ ಹೊಳೆಯ ಹೆಸರನ್ನಾಗಲಿ, ದೋಣಿ ಇಟ್ಟವರ ಹೆಸರನ್ನಾಗಲಿ ನಾನು ಬರೆಯುವುದಿಲ್ಲ. ಹೊಳೆಯದು ಏನೂ ತಪ್ಪಿಲ್ಲ.

ದೋಣಿಕಟ್ಟೆಯಲ್ಲಿ ದೊಡ್ಡ ಬೋರ್ಡಿತ್ತು. ಹದ್ದುಗಳನ್ನು ಹತ್ತಿರದಿಂದ ತೋರಿಸುತ್ತೇವೆ, ಫೋಟೋಗೆ ಅವಕಾಶವಿದೆ ಎಂದು ಬರೆದಿತ್ತು. ಕೆಂಪಕ್ಕ ಓದಿಸಿಕೊಂಡು ಕೇಳಿ, ಮದುವೆಗೆ ಬಂದವರ ಹಾಗೆ ಸೆರಗು ಸರಿಮಾಡಿಕೊಂಡರು. ಮೋಟಾರಿನ ಉದ್ದನೆಯ ದೋಣಿ, ಎರಡೂ ಬದಿಗೆ ಕೂರಲು ಹಲಗೆ. ಇವರ ಜೊತೆಗೆ ದೊಡ್ಡ ಕ್ಯಾಮೆರಾ ಹಿಡಿದ ಒಬ್ಬರು ಮತ್ತು ಅವರ ಸ್ನೇಹಿತರೊಬ್ಬರು ಹತ್ತಿದರು.

ಮೊದಲ ಅರ್ಧ ದಾರಿಯನ್ನು ಹೇಳುವಾಗ ಕೆಂಪಕ್ಕನ ಮುಖ ಇವತ್ತಿಗೂ ಬೇರೆಯಾಗುತ್ತದೆ. ನೀರು ಹಸಿರು. ದಡದ ತುಂಬ ಕೆಸರಿನಲ್ಲಿ ಬೇರು ಊರಿ ನಿಂತ ಕಾಂಡ್ಲಾ ಗಿಡಗಳು. ನಡುವೆ ತೆಂಗಿನ ಮರಗಳ ಸಣ್ಣ ದ್ವೀಪಗಳು.

"ನಮ್ಮ್ ತೆಂಗೇ ಕಣ್ರೇ! ಆದ್ರೆ ನೋಡು, ಕಾಲು ನೀರೊಳಗೆ ಇಟ್ಕಂಡ್ ನಿಂತವೆ. ಎಂಥಾ ಪುಣ್ಯ ಮಾಡಿದ್ವೋ" ಎಂದು ಕೆಂಪಕ್ಕ ಕೂಗಿದರು.

ತಿರುವಿನಲ್ಲಿ ಒಂದು ಬೋಳು ಕಂಬದ ಮೇಲೆ ಅದೇ ಹದ್ದು ಕೂತಿತ್ತು. ಕಣ್ಣಿನ ಮೇಲೆ ಕಪ್ಪು ಪಟ್ಟಿ. ದೋಣಿ ಹತ್ತಿರ ಬಂದಾಗ ಅದು ಎದ್ದು, ಮೇಲೇರಿ, ಕಾಲು ಚಾಚಿ ಬಿದ್ದು, ಒಂದು ಮೀನನ್ನು ಉದ್ದಕ್ಕೆ ಹಿಡಿದುಕೊಂಡು ಹೋಯಿತು. ಅದು ಮರೆಯಾಗುವವರೆಗೂ ಕೆಂಪಕ್ಕ ಕತ್ತು ತಿರುಗಿಸಿ ನೋಡಿದರು. ಆಮೇಲೆ ಇನ್ನೂ ದೊಡ್ಡದು ಕಂಡಿತು, ಹೊಟ್ಟೆಯೆಲ್ಲ ಬಿಳುಪು, ಬಾಲ ಬೀಸಣಿಗೆಯ ಹಾಗೆ. ಅದು ಕಡಲ ಹದ್ದು ಎಂದು ದೋಣಿಯವನು ಹೇಳಿದ. ಅದು ಯಾರನ್ನೂ ಲೆಕ್ಕಕ್ಕಿಡದೆ ದ್ವೀಪದ ಎತ್ತರದ ಮರಕ್ಕೆ ಹೋಗಿ ಕೂತಿತು.

"ಇದೆಲ್ಲ ದೂರ ದೂರ ಆಯ್ತು. ಹತ್ತಿರ ಬರೋದು ಯಾವಾಗ?" ಎಂದರು ಕ್ಯಾಮೆರಾದವರು.

"ಈಗ ನೋಡಿ ಸರ್" ಎಂದು ದೋಣಿಯವನು ಮೋಟಾರು ನಿಲ್ಲಿಸಿ, ಹಲಗೆಯ ಅಡಿಯಿಂದ ಬಕೆಟ್ಟು ಎಳೆದ. ಅದರ ತುಂಬ ಕೋಳಿಯ ಕರುಳು, ಚರ್ಮ. ಸಿಳ್ಳೆ ಹಾಕಿ ಹಿಡಿಹಿಡಿಯಾಗಿ ನೀರಿಗೆ ಎರಚಿದ.

ಎಲ್ಲಿದ್ದವೋ ಏನೋ, ಗರುಡಗಳು ಬಂದವು. ಒಂದಲ್ಲ, ಎರಡಲ್ಲ, ಆಕಾಶದ ತುಂಬ. ತಲೆಗೆ ತಾಗುವಷ್ಟು ಕೆಳಗೆ.

ನಮ್ಮ ಹೆಂಗಸರು ಏನು ಮಾಡಬೇಕಿತ್ತು? ಹುಟ್ಟಿದಾಗಿನಿಂದ ಮಾಡಿದ್ದನ್ನೇ ಮಾಡಿದರು. ಚಪ್ಪಲಿ ಬಿಟ್ಟರು, ಎಲ್ಲರೂ ಒಟ್ಟಿಗೆ ಎದ್ದು ನಿಂತರು, ಗರುಡಗಳಿದ್ದ ಬದಿಗೆ ತಿರುಗಿ ಕೈಮುಗಿದರು. ದೋಣಿ ಒಂದೇ ಕಡೆಗೆ ವಾಲಿತು. ನೀರು ಒಳಗೆ ನುಗ್ಗಿತು. ಸುನಂದಕ್ಕ ಕೆಂಪಕ್ಕನ ಮೇಲೆ, ಕೆಂಪಕ್ಕ ಕ್ಯಾಮೆರಾದವರ ಚೀಲದ ಮೇಲೆ.

"ಕೂತ್ಕೊಳ್ಳಿ! ಕೂತ್ಕೊಳ್ಳಿ ಮಾರಾಯ್ರೆ! ಎಂತ ಜನ ನೀವು, ದೋಣಿ ನೋಡಿದ್ದೇ ಇಲ್ವಾ?" ದೋಣಿಯವನು ಅರಚಿದ.

"ಲೆನ್ಸ್! ನನ್ನ ಲೆನ್ಸ್! ಹಳ್ಳಿ ಮುಕ್ಕರನ್ನೆಲ್ಲ ಯಾಕ್ರೀ ಹತ್ತಿಸ್ತೀರ?" ಎಂದರು ಕ್ಯಾಮೆರಾದವರು. ಅವರ ಸ್ನೇಹಿತರು ಮಾತ್ರ ನಗುತ್ತಾ ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿಯುತ್ತಿದ್ದರು.

ಕೆಂಪಕ್ಕನಿಗೆ ನಾಚಿಕೆಯಾಯಿತು. ತಮ್ಮಿಂದ ಅಷ್ಟು ಜನ ನೀರುಪಾಲಾಗುತ್ತಿದ್ದರಲ್ಲ ಎಂದು ಅನ್ನಿಸಿತು. "ತಪ್ಪಾಯ್ತು ಕಣಪ್ಪ, ಇನ್ನು ಏಳಲ್ಲ" ಎಂದು ಹಲಗೆಯನ್ನು ಗಟ್ಟಿಯಾಗಿ ಹಿಡಿದು ಕೂತರು. ತಪ್ಪು ಒಪ್ಪಿಕೊಂಡವರು ಅವರೊಬ್ಬರೇ. ಇದನ್ನು ಓದುವವರು ನೆನಪಿಡಬೇಕು.

ಗರುಡಗಳು ಕರುಳನ್ನು ಎತ್ತಿಕೊಂಡು ಹಾರಿಹೋಗುತ್ತಿದ್ದವು. ಅಷ್ಟರಲ್ಲಿ ಫೋಟೋ ಸರಿಯಾಗಿ ಬರುತ್ತಿಲ್ಲವೆಂದು ಕ್ಯಾಮೆರಾದವರು ಗೊಣಗಿದರು. ದೋಣಿಯವನಿಗೆ ಅದಕ್ಕೂ ಉಪಾಯ ಗೊತ್ತಿತ್ತು. ಮೀನು ಹಿಡಿಯುವ ನೈಲಾನ್ ದಾರದ ತುದಿಗೆ ಒಂದು ಮುದ್ದೆ ಚರ್ಮ ಕಟ್ಟಿ, ಇನ್ನೊಂದು ತುದಿಯನ್ನು ಕೋಲಿಗೆ ಬಿಗಿದು ಗಾಳಿಯಲ್ಲಿ ಹಿಡಿದ. ಹಕ್ಕಿ ಬಂದು ಎಳೆಯುತ್ತದೆ, ದಾರ ಬಿಡುವುದಿಲ್ಲ, ಮತ್ತೆ ಎಳೆಯುತ್ತದೆ. ಫೋಟೋ ಬರುತ್ತದೆ.

ದೊಡ್ಡ ಗರುಡಗಳು ಎಳೆದು ನೋಡಿ ಬಿಟ್ಟುಹೋದವು. ಒಂದು ಮರಿಗೆ ಅಷ್ಟು ತಿಳಿವಳಿಕೆ ಇರಲಿಲ್ಲ. ಇನ್ನೂ ಕತ್ತು ಬೆಳ್ಳಗಾಗದ, ಕಂದು ಬಣ್ಣದ್ದು. ಅದು ಮುದ್ದೆಯನ್ನು ಬಿಗಿಯಾಗಿ ಹಿಡಿದು ರೆಕ್ಕೆ ಬಡಿಯಿತು. ದಾರ ಕಾಲಿಗೆ ಸುತ್ತಿಕೊಂಡಿತು. ಕೋಲಿನ ಹತ್ತಿರ ಪಟ್ಟೆಂದು ತುಂಡಾಯಿತು. ಮರಿ ದಾರವನ್ನು ಎಳೆದುಕೊಂಡು ದಡದ ಕಡೆಗೆ ಹಾರಿತು. ಕಾಂಡ್ಲಾ ಗಿಡದ, ನೀರಿನ ಮೇಲೆ ಚಾಚಿದ ಒಂದು ಕೊಂಬೆಗೆ ದಾರ ಸಿಕ್ಕಿಕೊಂಡಿತು. ಮರಿ ತಲೆಕೆಳಗಾಗಿ ನೇತುಬಿತ್ತು. ನೀರಿಗೂ ಅದರ ತಲೆಗೂ ಒಂದು ಮೊಳ.

"ಅಯ್ಯೋ, ನೇತಾಕ್ಕಂತು! ಆ ಕಡೆ ತಿರುಗ್ಸಪ್ಪ ದೋಣಿನ" ಎಂದರು ಕೆಂಪಕ್ಕ. ಈ ಸಲ ಏಳಲಿಲ್ಲ, ಕೂತೇ ಹೇಳಿದರು.

"ಅದು ಮರಿ ಗರುಡ ಅಮ್ಮ. ಅದರಷ್ಟಕ್ಕೆ ಬಿಡಿಸಿಕೊಳ್ತದೆ."

"ಎಲ್ಲಿ ಬಿಡಿಸ್ಕತ್ತದೆ? ಕಾಲಿಗೆ ಸುತ್ಕಂಡೈತೆ. ನನ್ನತ್ರ ಅಡಕತ್ತರಿ ಐತೆ, ಕತ್ತರಿಸ್ತೀನಿ."

"ಅಲ್ಲಿ ಬರೀ ಕೆಸರು. ದೋಣಿ ಹತ್ತಿರ ಹೋಗುದಿಲ್ಲ ಈಗ. ಅಳಿವೆ ನೋಡಿ ವಾಪಸ್ ಬರುವಾಗ ಆ ಬದಿಯಿಂದಲೇ ಬರುವ. ಆಗ ತೆಗಿಯುವ, ಆಯ್ತಾ?"

ಅಳಿವೆ ಎಂದರೆ ಹೊಳೆ ಕಡಲಿಗೆ ಸೇರುವ ಜಾಗ. ಅಲ್ಲಿಗೆ ಹೋಗಿ ಬರುವುದರಲ್ಲಿ ಎಷ್ಟು ಹೊತ್ತಾಗುತ್ತದೋ ಎಂದು ಕೆಂಪಕ್ಕ ಯೋಚಿಸಿದರು. ಆಮೇಲೆ ನೀರನ್ನು ನೋಡಿದರು. ಕಾಂಡ್ಲಾ ಗಿಡಗಳ ಬುಡದಲ್ಲಿ, ನೀರಿಗಿಂತ ಸೊಂಟದೆತ್ತರ ಮೇಲಕ್ಕೆ ಒದ್ದೆ ಕೆಸರಿನ ಗೆರೆ ಇತ್ತು. ತೂಬಿನ ಕಲ್ಲು ನೋಡಿ ಬೆಳೆದ ಕಣ್ಣು. ಒದ್ದೆ ಗೆರೆ ಮೇಲಿದೆ, ಅಂದರೆ ನೀರು ಇಳಿಯುತ್ತಿದೆ. ಹಕ್ಕಿಗೂ ನೀರಿಗೂ ದೂರ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಆದರೂ ಊರು ಹೊಸದು, ಕೇಳಿಬಿಡೋಣ ಎಂದು ಕೇಳಿದರು.

"ನೀರು ಇಳೀತೈತೆ ಅಲ್ವೇನಪ್ಪ?"

ದೋಣಿಯವನು ಮೋಟಾರಿನ ಹಗ್ಗ ಎಳೆಯುತ್ತಾ, ಮುಖವನ್ನೂ ತಿರುಗಿಸದೆ ಹೇಳಿದ. "ಹಾಂ ಹಾಂ, ಇಳೀತದೆ."

ಕೆಂಪಕ್ಕ ನಂಬಿ, "ಆಯ್ತು" ಎಂದರು. ಒಂದು ಸಲ ಎದ್ದು ದೋಣಿ ವಾಲಿಸಿದವರಿಗೆ ಇನ್ನೊಂದು ಸಲ ಗಲಾಟೆ ಮಾಡಲು ಹೇಗೆ ಬಾಯಿ ಬರುತ್ತದೆ? ದೋಣಿ ಹೊರಡುವ ಮೊದಲು ಕ್ಯಾಮೆರಾದವರು, "ಒಂದ್ ನಿಮಿಷ ತಡೀರಿ, ಬೆಳಕು ಚೆನ್ನಾಗಿದೆ" ಎಂದು ನೇತಾಡುತ್ತಿದ್ದ ಮರಿಯ ಫೋಟೋ ತೆಗೆದರು. ಫೋಟೋ ತೆಗೆಯಲು ನಿಲ್ಲಿಸಲು ಆಯಿತು. ಬಿಡಿಸಲು ನಿಲ್ಲಿಸಲು ಆಗಲಿಲ್ಲ.

ಅಳಿವೆಯ ಮರಳಿನ ದಿಬ್ಬದಲ್ಲಿ ಎಲ್ಲರನ್ನೂ ಇಳಿಸಿದರು. ಕಡಲು ನೋಡಿ ಉಳಿದವರು ಹೊತ್ತು ಹೋದದ್ದೇ ತಿಳಿಯದೆ ಸೀರೆ ಎತ್ತಿಕೊಂಡು ಕುಣಿದರು. ಕೆಂಪಕ್ಕ ಕಡಲಿಗೆ ಬೆನ್ನು ಹಾಕಿ ಹೊಳೆಯನ್ನೇ ನೋಡುತ್ತಾ ಕೂತರು. ಕೂತವರಿಗೆ ಒಂದು ವಿಚಿತ್ರ ಕಂಡಿತು. ಬರುವಾಗ ಕಡಲ ಕಡೆಗೆ ತೇಲುತ್ತಿದ್ದ ತೆಂಗಿನ ಸೋಗೆಯಂಥದ್ದೇ ಒಂದು ಸೋಗೆ ಈಗ ಹಿಂದಕ್ಕೆ, ಹೊಳೆಯ ಒಳಕ್ಕೆ ತೇಲಿಕೊಂಡು ಹೋಗುತ್ತಿತ್ತು.

"ಸುನಂದೀ, ನೋಡೇ ಇಲ್ಲಿ. ಸೋಗೆ ಯಾಕೆ ಮೇಲಕ್ಕೆ ಹೋಯ್ತೈತೆ?"

"ಗಾಳಿ ಇರ್ಬೇಕು ಬಾರಕ್ಕ. ಕಡ್ಲು ನೋಡಕ್ಕೆ ಬಂದು ಸೋಗೆ ನೋಡ್ತೀಯಲ್ಲ, ನಮ್ಮೂರಲ್ಲಿ ಇಲ್ದಿರೋದಾ?"

ಗಾಳಿ ಇರಲಿಲ್ಲ. ಕೆಂಪಕ್ಕ ಎದ್ದು ದೋಣಿಯ ಹತ್ತಿರ ಓಡಿದರು. ದೋಣಿಯಿಂದ ಇಳಿದಾಗ ಒಣಮರಳಿನ ಮೇಲೆ ಹೊಡೆದಿದ್ದ ಗೂಟದ ಅರ್ಧಕ್ಕೆ ನೀರು ಬಂದಿತ್ತು. ಒಣಗಿದ್ದಕ್ಕೆ ನೀರು ತಾಗುತ್ತಿದೆ.

"ಲೋ, ನೀರು ಏರ್ತೈತಲ್ಲೋ!"

"ಭರತ ಅಮ್ಮ. ಕಡಲ ನೀರು ಒಳಗೆ ಬರುದು. ದಿನಾ ಬರ್ತದೆ, ಹೋಗ್ತದೆ."

"ನಡೀ, ನಡೀ, ಈಗ್ಲೇ ನಡೀ."

ಎಲ್ಲರನ್ನೂ ಕೂಗಿ ಹತ್ತಿಸಿಕೊಂಡು ಹೊರಡುವುದರಲ್ಲಿ ಸಮಯ ಹೋಯಿತು. ವಾಪಸ್ ಬಂದಾಗ ಕಾಂಡ್ಲಾ ಗಿಡದ ಕೆಸರು ಕಾಣುತ್ತಿರಲಿಲ್ಲ, ಒದ್ದೆ ಗೆರೆಯೂ ಕಾಣುತ್ತಿರಲಿಲ್ಲ. ಈಗ ದೋಣಿ ಸಲೀಸಾಗಿ ಕೊಂಬೆಯವರೆಗೆ ಹೋಯಿತು. ಕೊಂಬೆಯ ತುದಿ ನೀರಿಗೆ ತಾಗಿತ್ತು. ದಾರ ನೀರಿನೊಳಗೆ ಇಳಿದಿತ್ತು. ಒಂದು ರೆಕ್ಕೆ ಮಾತ್ರ ಮೇಲೆ ಬಿಚ್ಚಿಕೊಂಡು ತೇಲುತ್ತಿತ್ತು.

ಕೆಂಪಕ್ಕ ಯಾರನ್ನೂ ಕೇಳದೆ ನೀರಿಗೆ ಇಳಿದರು. ಎದೆಯವರೆಗೆ ನೀರು. ಕಾಲು ಕೆಸರಿನಲ್ಲಿ ಹೂತಿತು. ಸೊಂಟದ ಎಲೆಅಡಿಕೆ ಚೀಲದಿಂದ ಅಡಕತ್ತರಿ ತೆಗೆದು ದಾರ ಕತ್ತರಿಸಿದರು. ಮರಿಯ ಮೈ ಇನ್ನೂ ಮೆತ್ತಗಿತ್ತು. ಕ್ಯಾಮೆರಾದವರು ಲೆನ್ಸಿಗೆ ಮುಚ್ಚಳ ಹಾಕಿದರು.

"ಭರತದ ಟೈಮು ನಾನು ಬೆಳಗ್ಗೇ ಫೋನಲ್ಲಿ ನೋಡಿದ್ದೆ. ಇಷ್ಟು ಏರುತ್ತೆ ಅಂತ ಅನ್ನಿಸ್ಲಿಲ್ಲ" ಎಂದು ಮೆಲ್ಲಗೆ ಹೇಳಿದರು.

ಕೆಂಪಕ್ಕ ಅವರನ್ನು ದುರುಗುಟ್ಟಿ ನೋಡಿದರು. ಅಂದರೆ ಇವರಿಗೂ ಗೊತ್ತಿತ್ತು. ದೋಣಿಯಲ್ಲಿ ನೀರಿನ ಸಂಗತಿ ಗೊತ್ತಿಲ್ಲದಿದ್ದವರು ನೀರುಗಂಟಿಯ ಮಗಳು ಮತ್ತು ಅವರ ಜೊತೆಯ ಹೆಂಗಸರು ಮಾತ್ರ.

ದೋಣಿಕಟ್ಟೆಯಲ್ಲಿ ಮುಂದಿನ ತಂಡ ಸಾಲು ನಿಂತಿತ್ತು. ದೋಣಿಯವನು ಖಾಲಿ ಬಕೆಟ್ಟನ್ನು ಕೆಳಗಿಳಿಸಿ, ಕರುಳು ತುಂಬಿದ ಇನ್ನೊಂದನ್ನು ಎತ್ತಿಕೊಂಡ. ಆಗ ಕೆಂಪಕ್ಕನಿಗೆ ತಡೆಯಲಾಗಲಿಲ್ಲ. ಒದ್ದೆ ಸೀರೆ, ಕೈಯಲ್ಲಿ ಸತ್ತ ಮರಿ.

"ಇಡ್ಲಾ ಅದನ್ನ ಕೆಳಕ್ಕೆ!"

"ಎಂತ ಅಮ್ಮ ನಿಮ್ಮದು? ಹೊಳೆಯಲ್ಲಿ ದಿನಾ ಎಷ್ಟು ಸಾಯ್ತದೆ, ಯಾರು ಲೆಕ್ಕ ಇಡ್ತಾರೆ? ಇನ್ನೂ ನೂರು ಉಂಟು."

"ಸಾಯ್ತವೆ ಕಣಪ್ಪ, ನಾನೂ ಬಲ್ಲೆ. ಕೋಳಿ ಕುಯ್ದು ತಿಂತೀನಿ, ಹದ್ದಿಗೆ ಕಲ್ಲೂ ಹೊಡ್ದಿದೀನಿ. ಅದನ್ನ ಕೇಳ್ತಿಲ್ಲ ನಾನು. ನೀರು ಇಳೀತೈತಾ ಅಂತ ಬಾಯ್ಬಿಟ್ಟು ಕೇಳ್ದೆ. ನೀನು ಹೂಂ ಅಂದೆ. ಯಾಕಂದೆ?"

"ನೀವೇ ಇಳೀತದೆ ಅಂದ್ರಿ. ನಾನು ಹೌದು ಅಂದೆ, ಅಷ್ಟೆ. ನಿಮ್ಮ ಹತ್ರ ವಾದ ಮಾಡ್ತಾ ಕೂತರೆ ಇವರನ್ನು ಕರ್ಕೊಂಡು ಹೋಗುದು ಯಾರು?"

"ಆಮೇಲೆ ಏರ್ತದೆ ಅನ್ನೋಕೆ ನಿಂಗೆ ಎಷ್ಟು ಹೊತ್ತು ಬೇಕಿತ್ಲಾ? ಒಂದು ಮಾತು! ಅಂದಿದ್ರೆ ಅಲ್ಲೇ ಇಳೀತಿದ್ದೆ. ಕೆಸ್ರು ಅಂತೀಯ, ಕೆರೆ ಹೂಳೆತ್ತಿರೋ ಕಾಲು ಇವು, ನಿನ್ ಕೆಸ್ರು ಏನ್ ಮಾಡ್ತಿತ್ತು ನಂಗೆ? ನೀನು ಕಟ್ಟಿದ್ ದಾರ, ನೀನು ಹಿಡ್ದಿದ್ ಕೋಲು, ನಿಂಗೆ ಗೊತ್ತಿದ್ ನೀರು. ಏನೂ ಗೊತ್ತಿಲ್ದಿರೋ ನನ್ ಕೈಲಿ 'ಆಯ್ತು' ಅನ್ನಿಸ್ಕಂಡು ಹೋದೆಯಲ್ಲ!"

ಸಾಲಿನಲ್ಲಿದ್ದ ಒಬ್ಬ ಹೆಂಗಸು ತನ್ನ ಮಗುವನ್ನು ಹಿಡಿದುಕೊಂಡು ಸಾಲು ಬಿಟ್ಟು ಹೋದಳು. ಉಳಿದವರು ಒಬ್ಬೊಬ್ಬರಾಗಿ ದೋಣಿ ಹತ್ತಿದರು. ದೋಣಿಯವನು ಬಕೆಟ್ಟು ಇಟ್ಟುಕೊಂಡು ಮೋಟಾರು ಶುರುಮಾಡಿದ. ಕೆಂಪಕ್ಕ ಮತ್ತು ಸುನಂದಕ್ಕ ದಡದ ಒಂದು ತೆಂಗಿನ ಬುಡದಲ್ಲಿ ಮರಿಯನ್ನು ಹೂಳಿದರು. ಅಷ್ಟು ಬಾಯಿಯ ಸುನಂದಕ್ಕ ಊರು ಮುಟ್ಟುವವರೆಗೂ ಒಂದೂ ತಮಾಷೆ ಮಾಡಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲವೇನೋ. ನಾಲ್ಕು ದಿನ ಕಳೆಯುವಷ್ಟರಲ್ಲಿ ಕ್ಯಾಮೆರಾದವರ ಆ ಸ್ನೇಹಿತರು ತೆಗೆದ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ನಮ್ಮ ಮೇಸ್ತ್ರಿ ಭೀಮರಾಜು ಅದನ್ನು ಫ್ಯಾಕ್ಟರಿಗೇ ತಂದು ತೋರಿಸಿದರು. ಹೆಂಗಸರು ಏಳುವುದು, ಕೈಮುಗಿಯುವುದು, ದೋಣಿ ವಾಲುವುದು, ಒಬ್ಬರ ಮೇಲೊಬ್ಬರು ಬೀಳುವುದು. ಅದರ ಕೆಳಗೆ ಏನೇನೋ ಬರೆದು ನಕ್ಕಿದ್ದರು. ಅಲ್ಲಿಗೆ ವಿಡಿಯೋ ಮುಗಿಯುತ್ತದೆ. ದಾರ ಇಲ್ಲ, ಕೋಲಿಲ್ಲ, ಮರಿ ಇಲ್ಲ.

"ಕೆಂಪಕ್ಕ, ಊರಿಗೇ ಫೇಮಸ್ ಆಗ್ಬುಟ್ಟೆ ಕಣಮ್ಮ. ಒಂದ್ ಹಕ್ಕಿಗೋಸ್ಕರ ಇನ್ನೂ ಮುಖ ಊದಿಸ್ಕಂಡ್ ಕೂತಿದ್ದೀಯಂತೆ? ಬುಡತ್ಲಾಗೆ" ಎಂದರು ಭೀಮರಾಜು.

"ಮೇಸ್ತ್ರಿ, ನೀವು ನಕ್ಕಿದ್ದು ಆಯ್ತಾ? ಆಯ್ತು ಅಂದ್ರೆ ಉಳಿದಿದ್ದೂ ಕೇಳಿ." ಕೆಂಪಕ್ಕ ಚಾಕು ಕೆಳಗಿಟ್ಟು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಭೀಮರಾಜು ಮೊಬೈಲನ್ನು ಜೇಬಿಗೆ ಹಾಕಿಕೊಂಡು ತಕ್ಕಡಿಯ ಕಡೆಗೆ ಹೋದರು. ನಾನು ಪೂರ್ತಿ ಕೇಳಿದ್ದು ಆಗಲೇ.

ಆ ಸಂಜೆ ಕೆಂಪಕ್ಕ ನನ್ನನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಸಣ್ಣತಿಮ್ಮಯ್ಯನವರಿಗೆ ಈಗ ಕಣ್ಣು ಮಂಜು. ಜಗಲಿಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಮಗಳ ಬೇರೆ ಮಾತೆಲ್ಲ ನಂಬಿದರು, ಒಂದನ್ನು ಮಾತ್ರ ನಂಬಲಿಲ್ಲ.

"ಇಳ್ದಿದ್ ನೀರು ಅವತ್ತೇ ವಾಪಸ್ ಬತ್ತದಾ? ತೂಬು ಎತ್ತೋರು ಯಾರವ್ವ ಅಲ್ಲಿ?"

"ಚಂದ್ರ ಅಂತೆ ಕಣಪ್ಪ."

ಮುದುಕರು ಮಂಜುಗಣ್ಣನ್ನು ಆಕಾಶದ ಕಡೆಗೆ ಎತ್ತಿದರು. ಆಮೇಲೆ ಕೇಳಿದರು. "ಚಂದ್ರ ಕೂಗಿ ಹೇಳಕ್ಕಾಗಲ್ಲ, ಸರಿ. ಆ ದೋಣಿಯೋನಿಗೆ ಏನಾಗಿತ್ತು? ನಾನು ತೂಬು ಎತ್ತೋ ಮುಂಚೆ ಏರಿ ಮೇಲೆ ನಿಂತ್ಕಂಡು ಮೂರು ಕೂಗು ಹಾಕ್ತಿದ್ದೆ. ಕೆಳಗೆ ಬಟ್ಟೆ ಒಗೆಯೋರು, ದನ ಮೇಸೋರು, ಯಾರಿದ್ರೋ ಇಲ್ವೋ, ಕೂಗೋದು ಕೂಗೋದೇ. ಒಂದ್ಸಲ ಯಾರೂ ಇಲ್ಲ ಅಂತ ಕೂಗ್ದೆ ಎತ್ತಿದ್ದಕ್ಕೆ ನಮ್ಮಪ್ಪ ಅನ್ನ ಹಾಕಿರ್ಲಿಲ್ಲ. ನೀರು ಗೊತ್ತಿರೋನು ಬಾಯಿ ಮುಚ್ಕಂಡ್ರೆ ಅವ್ನು ಎಂಥೋನು?"

"ಅದೇ ಕಣಪ್ಪ ನಾನೂ ಅವತ್ತಿಂದ ಕೇಳ್ತಿರೋದು."

"ಇಲ್ಲಿ ಕೂತ್ಕಂಡು ಕೇಳಿದ್ರೆ ಅವ್ನಿಗೆ ಹೆಂಗೆ ಕೇಳುಸ್ತದೆ? ಹೋಗಿ ಅಲ್ಲಿ ಕೂಗು."

ಕೆಂಪಕ್ಕ ನನ್ನ ಕಡೆ ನೋಡಿದರು. "ನೀನು ಬತ್ತೀಯೇನೇ?" ಎಂದರು. ನನಗೆ ನಾಲ್ಕು ಜನರ ಮುಂದೆ ನಿಂತು ಮಾತಾಡಲು ಆಗುವುದಿಲ್ಲ, ಫ್ಯಾಕ್ಟರಿಯಲ್ಲಿ ಇದು ಎಲ್ಲರಿಗೂ ಗೊತ್ತು. ಕೆಂಪಕ್ಕನಿಗೂ ಗೊತ್ತು. ಗೊತ್ತಿದ್ದೂ ಕೇಳಿದರು.

ಬರುವ ಶನಿವಾರ ಕೆಲಸ ಮುಗಿದ ಮೇಲೆ ನಾನು ಕೆಂಪಕ್ಕನ ಜೊತೆ ಬಸ್ಸು ಹತ್ತುತ್ತೇನೆ. ಭಾನುವಾರ ಬೆಳಿಗ್ಗೆ ಆ ದೋಣಿಕಟ್ಟೆಯಲ್ಲಿ ಇಬ್ಬರೂ ನಿಲ್ಲುತ್ತೇವೆ. ದೋಣಿ ಹತ್ತಲು ಬಂದವರಿಗೆ ಬಕೆಟ್ಟಿನಲ್ಲಿ ಏನಿದೆ, ದಾರ ಯಾತಕ್ಕೆ, ನೀರು ಯಾವಾಗ ಏರುತ್ತದೆ ಎಂದು ಹೇಳುತ್ತೇವೆ. ಮೊದಲು ಕೆಂಪಕ್ಕ ಹೇಳುತ್ತಾರೆ. ಕೂಗಿ ಕೂಗಿ ಅವರ ಗಂಟಲು ಕಟ್ಟಿದರೆ ನಾನು ಹೇಳುತ್ತೇನೆ.